ಹಿಂದಿನ ಸೀಟಿನ ಕೆಳಗಿನ ಶಕ್ತಿ

ಬೆಳಿಗ್ಗೆ ಎದ್ದು ನಾನು ಮೊದಲು ಮಾಡುವ ಕೆಲಸ ತುಳಸಿಯ ಎಲೆ ಒರೆಸುವುದು. ಇಚಲಕರಂಜಿಯ ನಮ್ಮ ಓಣಿಯಲ್ಲಿ ಎರಡೂ ಬದಿಗೆ ಮಗ್ಗದ ಶೆಡ್ಡುಗಳು. ರಾತ್ರಿಪಾಳಿಯ ಖಟಖಟ ನಿಂತು ಹಗಲುಪಾಳಿಯದು ಶುರುವಾಗುವ ನಡುವೆ ಒಂದು ಸಣ್ಣ ಮೌನ ಬರುತ್ತದೆ. ಆಗ ಸೈಕಲ್ಲಿನ ಗಂಟೆ, ಯಾರದೋ ಕೆಮ್ಮು, ಡಬ್ಬಿಯ ಮುಚ್ಚಳ ಎಲ್ಲ ಬೇರೆಬೇರೆಯಾಗಿ ಕೇಳುತ್ತವೆ. ತುಳಸಿಯ ಮೇಲೆ ರಾತ್ರಿಯೆಲ್ಲ ಹತ್ತಿಯ ನವಿರು ಕೂತಿರುತ್ತದೆ. ಒದ್ದೆ ಅರಿವೆಯಿಂದ ಒರೆಸಿದರೆ ಅದು ದೀಪದ ಬತ್ತಿಯಂತೆ ಸುರುಳಿಯಾಗಿ ಬೆರಳಿಗೆ ಬರುತ್ತದೆ. ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಿಸ್ಟರ್ ಒಬ್ಬರು ಕಿಟಕಿಯ ಕಟ್ಟೆಯ ಮೇಲೆ ಬೆರಳು ಎಳೆದು ಧೂಳು ನೋಡುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಬೆರಳು ನನ್ನ ಬೆನ್ನ ಹಿಂದೆಯೇ ಇದೆ.

ಆ ದಿನವೂ ಎಲೆ ಒರೆಸಿದೆ, ಹಾಲು ಕಾಯಿಸಿದೆ, ರೊಟ್ಟಿ ಬಡಿದೆ. ದೇವರ ಕೋಣೆಯಲ್ಲಿ ಮಾವನವರ ಲಿಂಗಪೂಜೆ ನಡೆದಿತ್ತು. ಅವರ ಗಂಟೆಯ ಸದ್ದಿನ ಮೇಲೆ ನಾನು ಚಹಾ ಇಡುತ್ತೇನೆ. ಮೊದಲ ಗಂಟೆಗೆ ನೀರು, ಎರಡನೆಯದಕ್ಕೆ ಪುಡಿ, ಅವರು ಹೊರಗೆ ಬಂದು ಕೂಡುವಷ್ಟರಲ್ಲಿ ಬಸಿಯಲ್ಲಿ ಚಹಾ ತಯಾರು. ಅತ್ತೆಯವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಅಡಿಗೆಮನೆಯ ಬಾಗಿಲಲ್ಲಿ ಕೂತಿದ್ದರು.

"ಅಮಾಸಿ ದಿನಾನ ಗಾಡಿ ದವಾಖಾನಿಗೆ ಒಯ್ಯಾಕತ್ತೀರಿ. ನಾಳೆ ಒಯ್ದ್ರ ಏನ್ ಸಾಯ್ತಿತ್ತೇನು?"

"ಇವತ್ತ ಬರ್ರಿ ಅಂದಾರವ್ವಾ," ಎಂದರು ನನ್ನ ಯಜಮಾನರು, ರೊಟ್ಟಿ ಮುರಿಯುತ್ತ. ಆಮೇಲೆ ನನ್ನ ಕಡೆ ನೋಡದೆ, ತಾಟಿನ ಕಡೆ ನೋಡಿ ಹೇಳಿದರು: "ಇವತ್ತ ಒಂದು ತೀರ್ಮಾನ ಆಗಲಿ. ಗಾಡೀದ ತಪ್ಪಿದ್ರ ಗಾಡಿ ದುರಸ್ತಿ ಮಾಡ್ಸೂಣು. ನಿನ್ನ ಕಡಿಂದ ತಪ್ಪಾಗಿದ್ರ ಮಾತ್ರ ಚಾವಿ ನನ್ನ ಕಡೆ. ಬುಧವಾರಕ್ಕ ಶೆಡ್ಡಿನ ಡ್ರೈವರ್ ನಿನ್ನ ಬಿಟ್ಟು ಬರ್ತಾನ."

ಸಿಟ್ಟಿನ ಮಾತಲ್ಲ ಅದು. ಅವರು ಸಿಟ್ಟು ಮಾಡುವವರಲ್ಲ. ನೂಲಿನ ವ್ಯಾಪಾರಿಗೆ ಹೇಳುವ ಹಾಗೆ, ಎರಡೂ ಕಡೆ ಒಪ್ಪಿಗೆಯಾಗುವಂತೆ ಹೇಳಿದರು. ನಾನು "ಹೂಂ ರಿ" ಎಂದು ಅವರ ತಾಟಿಗೆ ಶೇಂಗಾ ಚಟ್ನಿ ಹಾಕಿದೆ.

ಬುಧವಾರ ಅಂದರೆ ಏನು ಎಂದು ಹೇಳಬೇಕು. ಗಡಹಿಂಗ್ಲಜದಲ್ಲಿ ನನ್ನ ಅಕ್ಕನದು ಸಣ್ಣ ಸೀರೆ ಅಂಗಡಿ. ಪ್ರತಿ ಬುಧವಾರ ಮನೆಯ ಕೆಲಸ ಮುಗಿಸಿ ನಾನು ಒಬ್ಬಳೇ ಕಾರು ತೆಗೆದುಕೊಂಡು ಅಲ್ಲಿಗೆ ಹೋಗುತ್ತೇನೆ. ಕಾಗಲ, ನಿಪ್ಪಾಣಿ, ತವಂದಿ ಘಾಟು, ಸಂಕೇಶ್ವರ. ಅಲ್ಲಿ ಹೋಗಿ ಮಾಡುವ ಘನಕಾರ್ಯವೇನೂ ಇಲ್ಲ. ಅಕ್ಕ ಗಿರಾಕಿಗಳ ಮುಂದೆ ಬಿಚ್ಚಿ ಹಾಕಿದ ಸೀರೆಗಳನ್ನು ಮಡಿಚಿಡುತ್ತೇನೆ, ಚುರುಮುರಿ ತಿನ್ನುತ್ತೇನೆ, ದೀಪ ಹಚ್ಚುವುದರೊಳಗೆ ತಿರುಗಿ ಬರುತ್ತೇನೆ. ಆದರೆ ಹೋಗುವ ದಾರಿಯಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಉಪ್ಪು ಎಲ್ಲಿ, ಒಗೆದ ಪಂಚೆ ಎಲ್ಲಿ, ಗುಳಿಗೆ ತಗೊಂಡೆನೋ ಇಲ್ಲವೋ, ಯಾವುದೂ ಇಲ್ಲ. ಡ್ರೈವರ್ ಜೊತೆ ಹೋದರೆ ಅದು ಗಡಹಿಂಗ್ಲಜಕ್ಕೆ ಹೋದ ಹಾಗೆ, ಬುಧವಾರಕ್ಕೆ ಹೋದ ಹಾಗಲ್ಲ.

ಕಾರು ಬಂದದ್ದು ಕಳೆದ ವರ್ಷ ದೀಪಾವಳಿಯ ಪಾಡ್ಯಕ್ಕೆ. ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ, ಹೈಬ್ರಿಡ್ ಎನ್ನುತ್ತಾರೆ. ಹಳೆಯ ಜೀಪು ಮಾರಿ ಇದನ್ನು ತಂದಾಗ ಮಾವನವರಿಗೆ ನಂಬಿಕೆಯೇ ಇರಲಿಲ್ಲ. ಸದ್ದಿಲ್ಲದೆ ಹೊರಡುವ ಗಾಡಿ ಗಾಡಿಯೇ ಅಲ್ಲ ಎಂಬುದು ಅವರ ಮತ. ಕಾರು ಮಾರಿದ ಹುಡುಗ ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಕೈ ತಟ್ಟಿ, "ಅಜ್ಜಾರ, ಇದರ ಖರೇ ಶಕ್ತಿ ಮುಂದಿಲ್ಲ, ಇಲ್ಲಿ ಐತ್ರಿ, ಇದರ ಬುಡಕ" ಎಂದ. ಸೀಟಿನ ಪಕ್ಕದಲ್ಲಿ ಅಂಗೈಯಷ್ಟು ಒಂದು ಕರಿಯ ಜಾಳಿಗೆ ಇತ್ತು. ಬ್ಯಾಟರಿ ಅದರಿಂದ ಗಾಳಿ ಎಳೆದುಕೊಂಡು ತಂಪಾಗಿರುತ್ತದಂತೆ. ಮಾವನವರು ಕನ್ನಡಕ ಏರಿಸಿ ಬಾಗಿ ಅದನ್ನು ಬಹಳ ಹೊತ್ತು ನೋಡಿದರು.

ಮಗ್ಗದ ಮನೆಗಳಲ್ಲಿ ಅಮಾವಾಸ್ಯೆಗೆ ಮಗ್ಗದ ಪೂಜೆ ತಪ್ಪುವುದಿಲ್ಲ. ನಮ್ಮ ಶೆಡ್ಡಿನಲ್ಲಿ ವಿಭೂತಿ ಹಚ್ಚುವುದು ನೂಲಿಗಲ್ಲ, ಬಟ್ಟೆಗಲ್ಲ, ಮೋಟಾರಿಗೆ. "ಶಕ್ತಿ ಎಲ್ಲೈತಿ ಪೂಜಾ ಅಲ್ಲಿ" ಎಂದು ಮಾವನವರು ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದವರು. ಈಗ ಶೆಡ್ಡಿನ ಪೂಜೆ ಯಜಮಾನರು ಅಲ್ಲಿಯೇ ಮಾಡುತ್ತಾರೆ. ಮನೆಯ ಗಾಡಿಯ ಪೂಜೆ ಮಾವನವರದು. ಹಾಗಾಗಿ ಕಾರು ಬಂದ ಮೇಲಿನ ಮೊದಲ ಅಮಾವಾಸ್ಯೆಗೆ ಅವರು ಬಾನೆಟ್ಟಿನ ಮೇಲೆ ಒಂದು ಹೂವಿಟ್ಟು ನೇರವಾಗಿ ಹಿಂದಿನ ಬಾಗಿಲಿಗೆ ಹೋದರು. ಜಾಳಿಗೆಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಕಾಯಿ ಒಡೆದು, ಅದರ ನೀರನ್ನು ಅಂಗೈಯಲ್ಲಿ ಹಿಡಿದು, ತೀರ್ಥ ಬಿಡುವಂತೆ ಜಾಳಿಗೆಗೆ ಬಿಟ್ಟರು. ನಾನು ಆರತಿ ತಾಟು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಆಮೇಲೆ ಪ್ರತಿ ತಿಂಗಳೂ ನಿಂತೆ. ಅವರು ಕಣ್ಣು ಮುಚ್ಚಿಕೊಂಡು ಗಾಡಿಗೆ ಏನೋ ಹೇಳುತ್ತಿದ್ದರು. ಮನೆಯ ಎಲ್ಲರ ಹೆಸರೂ ಅದರಲ್ಲಿ ಬರುತ್ತಿತ್ತು. ಒಮ್ಮೆ ನನ್ನದೂ ಕೇಳಿಸಿತ್ತು.

ಮಳೆಗಾಲ ಮುಗಿದ ಮೇಲೆ ಆ ಕೆಂಪು ದೀಪ ಶುರುವಾಯಿತು.

ಮೊದಲ ಸಲ ಬಂದದ್ದು ತವಂದಿ ಘಾಟಿನ ಏರಿನಲ್ಲಿ. ಡಾಂಬರಿಗೆ ತೇಪೆ ಹಾಕಿದ ಜಾಗದಲ್ಲಿ ಗಾಡಿ ಧಡ್ ಎಂದಿತು. ಮುಂದಿನ ಫಲಕದಲ್ಲಿ ಕೆಂಪು ತ್ರಿಕೋನ ಹತ್ತಿ, ಹೈಬ್ರಿಡ್ ವ್ಯವಸ್ಥೆಯಲ್ಲಿ ದೋಷವಿದೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂದು ಇಂಗ್ಲಿಷಿನಲ್ಲಿ ಬರೆದು ಬಂತು. ಸುರಕ್ಷಿತ ಜಾಗ ಎಲ್ಲಿಂದ ತರಲಿ? ಎಡಕ್ಕೆ ಗುಡ್ಡದ ಗೋಡೆ, ಬಲಕ್ಕೆ ಸಾಲು ಲಾರಿ. ಎಕ್ಸಲರೇಟರ್ ಒತ್ತಿದರೂ ಗಾಡಿ ತೆವಳುತ್ತಿತ್ತು. ಹಿಂದೆ ಕಬ್ಬಿನ ಟ್ರಾಲಿಯವನು ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಪಕ್ಕದಿಂದ ದಾಟಿದ ಮೋಟಾರ್‌ಸೈಕಲ್ಲಿನವರಲ್ಲಿ ಒಬ್ಬ ಬಾಗಿ ನೋಡಿ, "ಬಾಯಿ ಚಾಲವತೇ ರೇ!" ಎಂದು ಇನ್ನೊಬ್ಬನಿಗೆ ಕೂಗಿದ. ಹೆಂಗಸು ಓಡಿಸುತ್ತಿದ್ದಾಳೆ, ಅಷ್ಟರಲ್ಲಿ ಎಲ್ಲ ಅರ್ಥವಾದಂತೆ ಇಬ್ಬರೂ ನಕ್ಕರು. ಗಾಜು ಏರಿಸಿಕೊಂಡು, ಬಾಗಿಲು ಲಾಕು ಮಾಡಿಕೊಂಡು, ಗಾಡಿಯೊಳಗೆ ನನ್ನ ಉಸಿರೇ ನನಗೆ ಕೇಳುವಂತೆ ಕೂತಿದ್ದೆ. ಇಳಿಯುವ ಹಾಗಿಲ್ಲ, ಹೋಗುವ ಹಾಗಿಲ್ಲ. ಕಡೆಗೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ದೀಪ ಆರಿತ್ತು, ಏನೂ ಆಗೇ ಇಲ್ಲವೆಂಬಂತೆ.

ಆಮೇಲೆ ಇನ್ನೂ ಕೆಲವು ಸಲ ಬಂತು. ಪ್ರತಿ ಸಲವೂ ನಾನೇ ಓಡಿಸುವಾಗ. ಯಜಮಾನರು ಓಡಿಸುವುದು ಊರೊಳಗೆ ಮೆಲ್ಲಗೆ, ಶೆಡ್ಡಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮನೆಗೆ. ಅವರಿಗೆ ದೀಪ ಒಮ್ಮೆಯೂ ಕಾಣಲಿಲ್ಲ.

"ಗಾಡಿ ಧಡ್ ಅಂದಾಗ ಬರ್ತೈತ್ರಿ," ಎಂದು ಒಮ್ಮೆ ಹೇಳಿದೆ.

"ಧಡ್ ಅನಸೂದರ ಯಾಕ?" ಎಂದರು.

ಅಷ್ಟಕ್ಕೇ ಮುಗಿಯಿತು.

ಆ ದಿನ ಕೊಲ್ಹಾಪುರದ ವರ್ಕ್‌ಶಾಪಿಗೆ ಮಾವನವರು ನನ್ನ ಜೊತೆ ಹೊರಟರು. ಯಜಮಾನರಿಗೆ ಶೆಡ್ಡಿನಲ್ಲಿ ಕೆಲಸ. ಹೆಣ್ಣುಮಗಳನ್ನು ಒಬ್ಬಳನ್ನೇ ಮಿಸ್ತ್ರಿಗಳ ಮುಂದೆ ಕಳಿಸುವುದು ಹೇಗೆ ಎಂದು ಮಾವನವರೇ ಹೆಗಲ ಮೇಲೆ ಶಲ್ಯ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕಬ್ಬಿನ ಹಂಗಾಮು. ಎರಡು ಟ್ರಾಲಿಗಳ ನಡುವೆ ಸಿಕ್ಕಿಕೊಂಡು, ಮುಂದಿನದರಿಂದ ಉದುರಿದ ಗರಿ ಗಾಜಿನ ಮೇಲೆ ಬೀಳುತ್ತಿರುವಾಗ ಅವರು ಒಂದೇ ಮಾತು ಆಡಿದರು.

"ಯವ್ವಾ, ಸಾವಕಾಶ ಹೊಡಿ. ಇವತ್ತ ಧಡ್ ಅನಿಸಬ್ಯಾಡ."

ಧಡ್ ಎನ್ನುವ ಮಾತು ಅವರ ತನಕ ಮುಟ್ಟಿದೆ ಎಂದು ಆಗ ತಿಳಿಯಿತು. ಮನೆಯವರೆಲ್ಲ ನನ್ನ ಬುಧವಾರದ ಬಗ್ಗೆ ಮಾತಾಡಿದ್ದಾರೆ, ನಾನಿಲ್ಲದ ಹೊತ್ತಿನಲ್ಲಿ. ಅಲ್ಲಿಂದ ಕೊಲ್ಹಾಪುರದ ತನಕ ಸ್ಟೇರಿಂಗ್ ಹಿಡಿದ ನನ್ನ ಕೈಗಳನ್ನು ಬೇರೆ ಯಾರೋ ನೋಡುತ್ತಿರುವಂತೆ ನಾನೇ ನೋಡುತ್ತ ಹೋದೆ.

ವರ್ಕ್‌ಶಾಪಿನಲ್ಲಿ ಗಿರಾಕಿಗಳಿಗೆಂದು ಗಾಜಿನ ಕೋಣೆ ಇದೆ. ಒಳಗೆ ತಂಪು ಗಾಳಿ, ಸೋಫಾ, ಸದ್ದಿಲ್ಲದ ಟೀವಿ. ಹೆಂಗಸರನ್ನು ಅಲ್ಲಿಯೇ ಕೂರಿಸುತ್ತಾರೆ. ಗಾಜಿನ ಆಚೆ ನನ್ನ ಕಾರಿನ ನಾಲ್ಕೂ ಬಾಗಿಲು ತೆಗೆದಿದ್ದರು. ಮಾವನವರು ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಅವರ, ಮಿಸ್ತ್ರಿಗಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಬ್ಬ ಮಿಸ್ತ್ರಿ ಸ್ಟೇರಿಂಗ್ ಕಡೆ ಕೈ ತೋರಿಸಿ ಏನೋ ಕೇಳಿದ. ಮಾವನವರು ತಿರುಗಿ ಗಾಜಿನ ಕಡೆ, ನನ್ನ ಕಡೆ, ಬೆರಳು ತೋರಿಸಿದರು. ಆಗ ನನಗೆ ಕೂತಿರಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ಹೊರಗೆ ಹೋದೆ.

ಅಲ್ಲಿಯ ಸೂಪರ್‌ವೈಜರ್ ಗಟ್ಟಿ ದನಿಯ, ನಗುಮುಖದ ಮನುಷ್ಯ. ಮಾವನವರ ಹಣೆಯ ವಿಭೂತಿ ನೋಡಿ ಮರಾಠಿ ಬಿಟ್ಟು ಕನ್ನಡಕ್ಕೆ ಬಂದಿದ್ದರು.

"ನಾವೂ ನಿಮ್ಮ ಪೈಕೀನ ರಿ ಅಜ್ಜಾರ. ಹಲಕರ್ಣಿಯವ್ರು. ಇಲ್ಲಿ ದಿನಾ ಮರಾಠಿ ಬಡದು ಬಡದು ಬಾಯಿ ಒಣಗಿ ಹೋಗೈತಿ. ಬರ್ರಿ ಬಾಯಾರ, ಬರ್ರಿ. ಗಾಡಿ ನೀವ ಹೊಡೀತೀರೇನು?"

"ಹೌದ್ರಿ."

"ಭಾಳ ಛಲೋ. ನಮ್ಮನಿಯಾಕಿಗೆ ಸ್ಕೂಟಿ ಕಲಸಾಕ ಹೋಗಿ ನನ್ನ ಕಾಲ ಮುರೀತು."

ಗಾಡಿಗೆ ತಂತಿ ಚುಚ್ಚಿ ಮಕ್ಕಳು ಬರೆಯುವ ಪಾಟಿಯಂಥ ಒಂದು ಯಂತ್ರ ಹಿಡಿದಿದ್ದರು. ಅದರ ಮೇಲೆ ದೋಷದ ಹೆಸರು ಬಂದಿತ್ತು: ಬ್ಯಾಟರಿಯ ವೋಲ್ಟೇಜಿನದು. ಅವರು ನನಗೆ ತಿಳಿಸಿ ಹೇಳಿದರು. ಸೀಟಿನ ಕೆಳಗಿರುವುದು ಒಂದೇ ದೊಡ್ಡ ಬ್ಯಾಟರಿಯಲ್ಲ. ಸಣ್ಣ ಸಣ್ಣ ಬ್ಯಾಟರಿಗಳ ಸಾಲು. ಪ್ರತಿಯೊಂದರಿಂದ ಒಂದು ತೆಳು ತಂತಿ ಹೋಗಿ ನನ್ನಲ್ಲಿ ಇಷ್ಟು ಶಕ್ತಿ ಇದೆ ಎಂದು ಸೆನ್ಸರಿಗೆ ಸುದ್ದಿ ಕೊಡುತ್ತಿರುತ್ತದೆ. ಯಾವುದಾದರೂ ಒಂದು ಬಹಳ ಕಡಿಮೆ ಎಂದು ಹೇಳಿದರೆ ಗಾಡಿ ಹೆದರಿ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ.

"ಇಕಾ ನೋಡ್ರಿ, ಎಲ್ಲಾ ಹದಿನಾರರ ಆಸುಪಾಸು ಅದಾವು. ಇದೊಂದು ಒಂಬತ್ತು. ಬ್ಯಾಟರಿ ಹೋಗೈತಿ. ಪೂರಾ ಬದಲೀನ ಮಾಡಬೇಕಾಗ್ತೈತಿ."

"ವರ್ಷದಾಗ ಹೋತೇನು?" ಎಂದರು ಮಾವನವರು. "ನನ್ನ ಮಗ್ಗದ ಮೋಟಾರ ಮೂವತ್ತು ವರ್ಷ ತಿರಗ್ಯಾವಪಾ."

"ಅಜ್ಜಾರ, ಮೋಟಾರಿಗೆ ನಾಜೂಕ ಇರೂದಿಲ್ಲ. ಹೊಡಿಯೂ ಕೈ ಒರಟ ಇದ್ರ ಇದು ತಡಿಯೂದಿಲ್ಲ."

ಒರಟು ಕೈ. ನಾನು ನನ್ನ ಕೈ ನೋಡಿಕೊಂಡೆ. ರೊಟ್ಟಿಯ ಹಿಟ್ಟು ಒಂದು ಉಗುರಿನ ಸಂದಿಯಲ್ಲಿ ಉಳಿದಿತ್ತು. ಅಷ್ಟರಲ್ಲಿ ಕಾರಿನ ಹಿಂದೆ ಕೆಲಸ ಮಾಡುತ್ತಿದ್ದವನು ಡಿಕ್ಕಿಯ ಬಾಗಿಲು ದಬ್ಬೆಂದು ಹಾಕಿದ. ಪಾಟಿಯ ಮೇಲಿನ ಒಂಬತ್ತು ಎಂಬ ಅಂಕಿ ಹದಿನಾರಕ್ಕೆ ಜಿಗಿಯಿತು, ತುಸು ನಿಂತು ಮತ್ತೆ ಬಿತ್ತು.

"ಅಣ್ಣಾರ," ಎಂದೆ, "ಈಗ ಬಾಗ್ಲಾ ಹಾಕಿದಾಗ ಅದು ಸರಿ ಆಗಿತ್ರಿ."

"ಯಾವ್ದು?"

"ಆ ಒಂಬತ್ತು. ಹದಿನಾರಾಗಿ ಮತ್ತ ಒಂಬತ್ತಾತು."

ಅವರು ಹುಬ್ಬು ಗಂಟಿಕ್ಕಿ, "ಏ, ಡಿಕ್ಕಿ ಇನ್ನೊಮ್ಮೆ ಬಡಿಯೋ" ಎಂದರು. ಬಡಿದ. ಅಂಕಿ ಜಿಗಿಯಿತು. ಮತ್ತೊಮ್ಮೆ ಬಡಿಸಿದರು. ಈ ಸಲ ಅಂಕಿ ಮಾಯವಾಗಿ, ಮತ್ತೆ ಬಂತು. ನಗುಮುಖದ ಮನುಷ್ಯ ನಗುವುದನ್ನು ನಿಲ್ಲಿಸಿ ತಲೆ ಕೆರೆದುಕೊಂಡರು.

"ತಡೀರಿ ತಡೀರಿ. ಸತ್ತ ಬ್ಯಾಟರಿ ಹಿಂಗ ಕುಣಿಯೂದಿಲ್ಲ. ಅದಕ್ಕ ಕಡಿಮಿ ಅಂದ್ರ ಕಡಿಮೀನ. ಬಡದ್ರ ಏರ್ತೈತಿ, ಇಳೀತೈತಿ ಅಂದ್ರ ಸುದ್ದಿ ಹೇಳೂ ತಂತೀನ ಎಲ್ಲ್ಯೋ ಸುಳ್ಳ ಹೇಳಾಕತ್ತೈತಿ. ತಗೀರೋ ಸೀಟು."

ಆಮೇಲೆ ಅವರು ಮಾಡಿದ್ದನ್ನೆಲ್ಲ ನಾನು ಹತ್ತಿರ ನಿಂತು ನೋಡಿದೆ. ಮೊಣಕೈಯವರೆಗೆ ಬರುವ ರಬ್ಬರ್ ಗವಸು ಹಾಕಿಕೊಂಡರು. ಕಿತ್ತಳೆ ಬಣ್ಣದ ಒಂದು ಹಿಡಿಕೆಯನ್ನು ಎಳೆದು ತೆಗೆದು, ಬೇರೆ ಯಾರೂ ಅದನ್ನು ತಿರುಗಿ ಹಾಕದಂತೆ ತಮ್ಮ ಕಿಸೆಯಲ್ಲೇ ಇಟ್ಟುಕೊಂಡರು. "ಈಗ ಸುಮ್ಮನ ಕೂಡ್ರಬೇಕ್ರಿ. ಒಳಗ ಉಳದ ಕರೆಂಟು ಇಳಿಯೂತನಾ ಕೈ ಹಚ್ಚೂ ಹಂಗಿಲ್ಲ" ಎಂದರು. ಚಹಾ ಬಂತು. ಬಂದ್ ಮಾಡಿದ ಮೇಲೂ ಒಳಗೆ ಉಳಿಯುವ ಕರೆಂಟು ಇರುತ್ತದೆ ಎಂಬುದು ನನಗೆ ಹೊಸದಾಗಿತ್ತು. ಮಾವನವರು ಮಾತ್ರ ಚಹಾ ಮುಟ್ಟಲಿಲ್ಲ. ಕಳಚಿ ಕೆಳಗಿಟ್ಟ ಸೀಟನ್ನು ನೋಡುತ್ತಿದ್ದರು, ಗರ್ಭಗುಡಿಯನ್ನೇ ಬಿಚ್ಚಿಟ್ಟಿದ್ದಾರೆ ಎನ್ನುವ ಹಾಗೆ.

ಮೇಲಿನ ತಗಡು ತೆಗೆದರು. ಸೂಪರ್‌ವೈಜರ್ ಮೀಟರಿನ ಎರಡು ಸೂಜಿಗಳನ್ನು ಆ ಸಂಶಯದ ಬ್ಯಾಟರಿಗೇ ನೇರವಾಗಿ ಮುಟ್ಟಿಸಿದರು. ಹದಿನಾರು. ಅದರ ಪಕ್ಕದ್ದು, ಹದಿನಾರು. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಅಲ್ಲಿಂದ ಅದರ ತಂತಿಯ ಬೆನ್ನು ಹತ್ತಿ, ಅದು ಸೆನ್ಸರಿಗೆ ಕೂಡುವ ಬಿಳಿಯ ಜೋಡಣೆಯನ್ನು ಬಿಡಿಸಿ ಟಾರ್ಚು ಹಿಡಿದರು.

ಒಳಗೆ ಒಂದು ಹಿತ್ತಾಳೆ ಕಡ್ಡಿಯ ಸುತ್ತ ಹಸಿರು ಪುಡಿ ಬೆಳೆದಿತ್ತು. ಹಳೆಯ ತಾಮ್ರದ ತಂಬಿಗೆಯನ್ನು ತೊಳೆಯದೆ ಬಿಟ್ಟರೆ ಬರುವಂಥದು. ಕಡ್ಡಿ ಅರ್ಧ ಸವೆದುಹೋಗಿತ್ತು.

"ಸಿಕ್ತು ನೋಡ್ರಿ ಕಳ್ಳ," ಎಂದರು. "ಇದು ಇಲ್ಲಿ ಸಡಲಾಗೈತಿ. ರಸ್ತಾದಾಗ ಧಡ್ ಅಂದ ಕೂಡ್ಲೇ ಕೈ ಬಿಡ್ತೈತಿ. ಊರಾಗ ಮೆಲ್ಲಕ ಹೊಡದ್ರ ಗೊತ್ತಾಗೂದಿಲ್ಲ."

ಗಾಡಿಯದೇ ತಪ್ಪು. ಧಡ್ ಅನ್ನುವ ಮಾತು ಸುಳ್ಳಲ್ಲ. ಬುಧವಾರ ಉಳಿಯಿತು ಎಂದುಕೊಂಡೆ. ಆ ಸಮಾಧಾನ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ.

"ಆದ್ರ ಇಲ್ಲಿ ನೀರ ಹೆಂಗ ಬಂತು?" ಸೂಪರ್‌ವೈಜರ್ ಗವಸು ತೆಗೆದು, ಜೋಡಣೆಯ ಮೇಲಿನ ಗಾಳಿಯ ಕೊಳವೆಯನ್ನು ಮೂಸಿದರು. "ಬರೇ ನೀರಲ್ರಿ ಇದು. ಹುಳಿ ವಾಸನಿ ಐತಿ. ಒಂದ ಸಲದ್ದೂ ಅಲ್ಲ, ಒಣಗಿದ್ದರ ಮ್ಯಾಲ ಒಣಗೈತಿ. ಎಳನೀರ ಚೆಲ್ಲಿದ್ರೇನು, ಬಾಯಾರ? ಈ ಜಾಳಿಗ್ಯಾಗಿಂದ ನೇರ ಇಲ್ಲೇ ಇಳೀತೈತಿ."

ಅವರು ಕಳಚಿದ ಜಾಳಿಗೆಯನ್ನು ನಮ್ಮಿಬ್ಬರ ನಡುವೆ ಎತ್ತಿ ಹಿಡಿದರು. ಹೊರಮೈಯನ್ನು ನಾನೇ ಪ್ರತಿ ವಾರ ಒರೆಸುತ್ತೇನೆ, ಅದು ಸ್ವಚ್ಛವಿತ್ತು. ಒಳಮೈಯ ಸಂದಿಗಳಲ್ಲಿ ಬೂದುಬಣ್ಣದ ರಾಡಿ ಗಟ್ಟಿಯಾಗಿತ್ತು, ನಡುನಡುವೆ ಕೆಂಪು. ಮೇಲೆ ನಮ್ಮೂರಿನ ಹತ್ತಿಯ ನವಿರು ಅಂಟಿಕೊಂಡಿತ್ತು. ವಿಭೂತಿ, ಕುಂಕುಮ, ಕಾಯಿಯ ನೀರು. ಅಷ್ಟೂ ಅಮಾವಾಸ್ಯೆಗಳು ಒಂದರ ಮೇಲೊಂದು ಅಲ್ಲಿ ಕೂತಿದ್ದವು.

ನಾನು ಮಾವನವರ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಅವರು ಜಾಳಿಗೆಯನ್ನು ನೋಡುತ್ತಿದ್ದರು. ಎಡಹೆಗಲ ಶಲ್ಯವನ್ನು ತೆಗೆದು ಬಲಹೆಗಲಿಗೆ ಹಾಕಿಕೊಂಡರು. ಮತ್ತೆ ಎಡಕ್ಕೆ ತಂದರು. ಓಣಿಯಲ್ಲಿ ಯಾವ ಮಗ್ಗ ಕೆಟ್ಟರೂ ಸದ್ದಿನಿಂದಲೇ ದೋಷ ಹೇಳುವ ಮನುಷ್ಯ. ಜನ ಈಗಲೂ ಕರೆದುಕೊಂಡು ಹೋಗುತ್ತಾರೆ. ಸುತ್ತಲೂ ನಾಲ್ಕೈದು ಮಂದಿ ಮಿಸ್ತ್ರಿಗಳು ಉತ್ತರಕ್ಕೆ ಕಾಯುತ್ತಿದ್ದರು. ಆ ಕಾಯುವ ಮುಖಗಳಲ್ಲಿ ನಗು ಈಗಾಗಲೇ ತಯಾರಾಗಿತ್ತು.

ಕಾನ್ವೆಂಟಿನಲ್ಲಿ ಸುಳ್ಳು ಹೇಳಬಾರದೆಂದು ಕಲಿಸಿದರು. ಈ ಮನೆಯಲ್ಲಿ, ಹೊರಗಿನವರ ಮುಂದೆ ಹಿರಿಯರ ತಲೆ ತಗ್ಗಿಸಬಾರದೆಂದು ಕಲಿತೆ. ಎರಡೂ ಒಟ್ಟಿಗೆ ಬಾಯಿಗೆ ಬಂದವು. ಒಂದು ಮಾತ್ರ ಹೊರಬಿತ್ತು.

"ಹೌದ್ರಿ. ಅಕ್ಕಗ ಎಳನೀರು ಒಯ್ಯೂ ಮುಂದ... ಹಿಂದಿನ ಸೀಟಿನ ಮ್ಯಾಲ ಚೆಲ್ಲಿತ್ತು. ಒಂದೆರಡು ಸಲ."

ಮಾವನವರು ಕೆಮ್ಮಿದರು.

"ನೋಡ್ರಿ, ಹಿಂಗ ಆಗ್ತೈತಿ," ಎಂದರು ಸೂಪರ್‌ವೈಜರ್, ಪಾಪದವರು, ಬಹಳ ಮೃದುವಾಗಿ. "ಈಗ ಸ್ವಚ್ಛ ಮಾಡಿ ಕೂಡಸ್ತೇನಿ. ಹೊಸಾ ತಂತಿ ಬಂದ ಮ್ಯಾಲ ಕರೀತೇನಿ. ಇನ್ನ ಹಿಂದ ನೀರಿನ ಸಾಮಾನ ಇಡಬ್ಯಾಡ್ರಿ." ಆಮೇಲೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೆ ತಿಳಿಸಬೇಕೆಂದು ಯಜಮಾನರಿಗೆ ಫೋನು ಹಚ್ಚಿದರು. "ಹಾಂ ಸಾಹೇಬ್ರ, ಬ್ಯಾಟರಿ ಠಣಠಣಿತ, ಗಟ್ಟಿ ಐತಿ. ವೋಲ್ಟೇಜ್ ಸೆನ್ಸರಿನ ತಂತಿ ಹೋಗಿತ್ತು. ಬಾಯಾರ ಕಡಿಂದ ಎಳನೀರ ಚೆಲ್ಲೈತಿ, ಮತ್ತೇನಿಲ್ಲ." ಮತ್ತೇನಿಲ್ಲ ಎಂದು ಫೋನು ನನ್ನ ಕೈಗೆ ಕೊಟ್ಟರು.

"ಎಳನೀರ?" ಎಂದರು ಯಜಮಾನರು. "ಗಡಹಿಂಗ್ಲಜದಾಗ ಎಳನೀರ ಸಿಗೂದಿಲ್ಲೇನು, ಇಲ್ಲಿಂದ ಹೊತ್ಕೊಂಡ ಹೋಗಾಕ?"

"ಮನಿಗೆ ಬಂದ ಮ್ಯಾಲ ಮಾತಾಡೂಣ್ರಿ," ಎಂದೆ.

"ಮಾತಾಡೂದೇನೈತಿ," ಎಂದರು. ಸಿಟ್ಟಿರಲಿಲ್ಲ.

ತಿರುಗಿ ಬರುವಾಗ ಗಾಡಿ ಹೊಸದರ ಹಾಗೆ ಓಡಿತು. ರಸ್ತೆಯ ತೇಪೆಗಳ ಮೇಲೆ ನಾನು ಬೇಕೆಂದೇ ನಿಧಾನಿಸಲಿಲ್ಲ. ಧಡ್ ಎಂದಿತು, ದೀಪ ಬರಲಿಲ್ಲ. ಇದು ನನ್ನ ಕೈಯ ಕಡೆಯ ಓಟವೇನೋ ಎಂದು ಅನಿಸಿದಾಗ ದಾರಿಯ ಎರಡೂ ಬದಿಯ ಕಬ್ಬು ಒತ್ತಿಕೊಂಡು ಬಂದಂತಾಯಿತು. ಸತ್ಯ ಹೇಳಿದರೆ ಮಾವನವರ ಮಾನ ಹೋಗುತ್ತದೆ. ಹೇಳದಿದ್ದರೆ ನನ್ನ ಬುಧವಾರ. ಯಾವ ಬಾಗಿಲು ತೆಗೆದರೂ ಗೋಡೆಯೇ. ಮಾವನವರೇ ಹೇಳಬೇಕು, ಹೇಳುತ್ತಾರೆ ಎಂದು ಕಾದೆ. ಒಂದು ಕಡೆ ಕಬ್ಬಿನ ಹಾಲಿನ ಅಂಗಡಿ ಕಂಡಾಗ, "ನಿಲ್ಲಸ ಯವ್ವಾ" ಎಂದರು. ಇಳಿದು ಹೋಗಿ, ಅಲ್ಲಿಂದಲೇ ಕೂಗಿ ಕೇಳಿದರು: "ಹಸಿಸುಂಠಿ ಹಾಕಸ್ಲೇನು? ಲಿಂಬಿ?"

ಇಷ್ಟು ವರ್ಷದಲ್ಲಿ ಮಾವನವರು ನನಗೆ ತಮ್ಮ ಕೈಯಿಂದ ಗ್ಲಾಸು ತಂದುಕೊಟ್ಟದ್ದು ಅದೇ ಮೊದಲು. ಅಂಚು ಒರೆಸಿ ಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ಬಾಗಿಲ ಬಳಿಯೇ ನಿಂತು, "ಆ ಜಾಳಿಗಿ..." ಎಂದರು. ನಾನು ಗ್ಲಾಸು ಕೆಳಗಿಳಿಸಿದೆ. ಅವರು ರಸ್ತೆಯ ಕಡೆ ತಿರುಗಿ, "ಭಾಳ ಥಂಡ ಐತಿ ಹಾಲು. ಸಾವಕಾಶ ಕುಡಿ" ಎಂದರು.

ಮನೆಗೆ ಬಂದ ಮೇಲೆ ಚಾವಿಯನ್ನು ನಾನಾಗಿಯೇ ಮೇಜಿನ ಮೇಲೆ ಇಟ್ಟೆ. ಅಕ್ಕ ಅಂಗಡಿಯ ಗೊಂಡೆಯ ದಾರದಿಂದ ಹೆಣೆದುಕೊಟ್ಟ ಹಸಿರು ಚೆಂಡು ಅದಕ್ಕೆ ಇತ್ತು. ಹೊತ್ತು ಇಳಿಯುವಾಗ ಯಜಮಾನರು ಶೆಡ್ಡಿನ ಪೂಜೆ ಬೇಗ ಮುಗಿಸಿ ಬಂದರು, ಗಾಡಿ ಓಡಿಸಿ ನೋಡಬೇಕೆಂದು. ಚಾವಿ ತೆಗೆದುಕೊಂಡು ಅಂಗಿಯ ಕಿಸೆಗೆ ಹಾಕಿದರು. ಹಸಿರು ಚೆಂಡು ಮಾತ್ರ ಹೊರಗೆ ಉಳಿಯಿತು.

"ಬ್ಯಾಸರಾ ಮಾಡ್ಕೋಬ್ಯಾಡ," ಎಂದರು. "ಡ್ರೈವರ್ ಛಲೋ ಮನಷ್ಯಾ ಅದಾನ. ನೀ ಹಿಂದ ಆರಾಮ ಕೂತ ಹೋಗು."

"ಹೂಂ ರಿ."

"ಅಲ್ಲಾ, ನಿನಗ ಎಳನೀರ ಸೇರೂದಿಲ್ಲ. ನಿಮ್ಮಕ್ಕಗರ ಯಾವಾಗ ಸೇರಾಕತ್ತು?"

ನಾನು ಆರತಿಯ ಬತ್ತಿ ಹೊಸೆಯುತ್ತಿದ್ದೆ. ಕೇಳಿಸಲಿಲ್ಲವೆಂಬಂತೆ ಹೊಸೆಯುತ್ತಲೇ ಇದ್ದೆ. ಮಾವನವರು ಅಲ್ಲೇ ಕುರ್ಚಿಯಲ್ಲಿ ಕೂತು ಕಾಯಿಯ ಜುಟ್ಟು ಸುಲಿಯುತ್ತಿದ್ದರು. ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ಸುಲಿದರು.

ಓಣಿಯ ಮಗ್ಗಗಳು ಪೂಜೆಗೆ ನಿಂತಿದ್ದವು. ಮಾವನವರು ಮುಂದೆ, ನಾನು ತಾಟು ಹಿಡಿದು ಹಿಂದೆ, ಎಂದಿನಂತೆ ಅಂಗಳಕ್ಕೆ ಇಳಿದೆವು. ಯಜಮಾನರು ಗಾಡಿಯ ಮಗ್ಗುಲಲ್ಲಿ ಬಾನೆಟ್ಟಿಗೆ ಆತು ನಿಂತಿದ್ದರು. ಅಮಾವಾಸ್ಯೆಯ ಆ ಹೊತ್ತಿಗೆ ಅವರು ಮನೆಯಲ್ಲಿದ್ದದ್ದು ಕಾರು ಬಂದ ಮೇಲೆ ಅದೇ ಮೊದಲು. ಮಾವನವರು ಅಭ್ಯಾಸದಂತೆ ಹಿಂದಿನ ಬಾಗಿಲಿನತ್ತ ನಡೆದು, ಹಿಡಿಕೆಯ ಮೇಲೆ ಕೈ ಇಟ್ಟರು. ಇಟ್ಟ ಕೈ ಅಲ್ಲೇ ನಿಂತಿತು. ಅವರು ಕೈ ತೆಗೆದು, ಗಾಡಿಯನ್ನು ಸುತ್ತು ಹಾಕಿ ಮುಂದೆ ಬಂದರು. ಬಾನೆಟ್ಟಿಗೆ ವಿಭೂತಿ ಹಚ್ಚಿ, ಗಾಡಿಯಿಂದ ಎರಡು ಹೆಜ್ಜೆ ದೂರ ಸರಿದು, ನೆಲದ ಕಲ್ಲಿನ ಮೇಲೆ ಕಾಯಿ ಒಡೆದರು. ನೀರು ಕಲ್ಲಿನ ಮೇಲೆ ಹರಿದು ಗಟಾರದ ಕಡೆ ಹೋಯಿತು. ಅದು ಪೂರ್ತಿ ಹರಿದು ಹೋಗುವವರೆಗೆ ಅವರು ಬಾಗಿದ ತಲೆ ಎತ್ತಲಿಲ್ಲ.

ಪಕ್ಕದ ಮನೆಯ ಜೈನರ ವೈನಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ, ಗೋಡೆಯ ಆಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಪ್ರತಿ ಅಮಾವಾಸ್ಯೆಯೂ ಅವರು ಅಲ್ಲಿರುತ್ತಾರೆ. ಹೆಗಲ ಮೇಲೆ ಚಾದರ ಮಡಿಚಿಕೊಳ್ಳುತ್ತ, ನಮ್ಮ ಕಡೆ ಪೂರ್ತಿ ತಿರುಗದೆಯೇ ಕೇಳಿದರು:

"ಏನ್ರಿ ಕಾಕಾರ, ಪ್ರತಿ ತಿಂಗಳಾ ಹಿಂದಿನ ಸೀಟಿಗೆ ಕಾಯಿ ನೀರು ಕುಡಸ್ತಿದ್ರಿ, ಇವತ್ತ ಗಾಡಿಗೆ ಉಪಾಸೇನ್ರಿ?"